ಸೋಂಕು ಬಂದಾಗ ಮೈಯೊಳಗೆ ಓಡಾಡುವ ಸುದ್ದಿ: ಸೈಟೊಕೈನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ಸಮಯದಲ್ಲಿ ಸೈಟೊಕೈನ್ ಅನ್ನುವ ಪದ ಮನೆಮನೆಗೂ ಬಂತು. ಬಂದಿದ್ದು ಮಾತ್ರ ಭಯದ ಜೊತೆ. ಅದು ಏನೋ ಕೆಟ್ಟ ವಸ್ತು, ಮೈಯಲ್ಲಿ ಜಾಸ್ತಿಯಾದರೆ ಪ್ರಾಣ ತೆಗೆಯುತ್ತದೆ ಅಂತ ಅನೇಕರು ಇವತ್ತಿಗೂ ತಿಳಿದಿದ್ದಾರೆ. ಇನ್ನೊಂದು ಕಡೆ, ರೋಗನಿರೋಧಕ ಶಕ್ತಿ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಅನ್ನುವ ಜಾಹೀರಾತುಗಳಿವೆ. ಎರಡೂ ಪೂರ್ತಿ ಸರಿಯಲ್ಲ. ಈ ಪ್ರೋಟೀನುಗಳಿಲ್ಲದೆ ನಾವು ಒಂದು ಸಣ್ಣ ಗಾಯವನ್ನೂ ತಡೆದುಕೊಳ್ಳಲಾರೆವು. ಆದರೆ ಅವು ಸರಿಯಾದ ಹೊತ್ತಿಗೆ ಬರಬೇಕು, ಸರಿಯಾದ ಹೊತ್ತಿಗೆ ಹೋಗಲೂಬೇಕು. ಮನೆಯಲ್ಲಿ ಡೆಂಗಿ ಬಂದವರು, ಸಂಧಿವಾತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವವರು, ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಸೈಟೊಕೈನ್ ಅಂದ್ರೆ ಏನು?

ನಮ್ಮ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಹೊರಬಿಡುವ ಸಣ್ಣ ಪ್ರೋಟೀನುಗಳು. ಒಂದು ಜೀವಕೋಶಕ್ಕೆ ಕ್ರಿಮಿಯ ಸುಳಿವು ಸಿಕ್ಕಿತು ಅಂದುಕೊಳ್ಳಿ. ಅದು ಸೈಟೊಕೈನ್ ತಯಾರಿಸಿ ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಜೀವಕೋಶದ ಮೇಲ್ಮೈಯಲ್ಲಿ ಅದನ್ನು ಹಿಡಿಯುವ ರಿಸೆಪ್ಟರ್ ಇದ್ದರೆ ಅಲ್ಲಿ ಅಂಟಿಕೊಳ್ಳುತ್ತದೆ. ಕೂಡಲೇ ಒಳಗೆ ಸಂದೇಶ ಹೋಗುತ್ತದೆ, ನ್ಯೂಕ್ಲಿಯಸ್ಸಿನಲ್ಲಿ ಕೆಲವು ಜೀನ್‌ಗಳು ಕೆಲಸ ಶುರು ಮಾಡುತ್ತವೆ. ರಿಸೆಪ್ಟರ್ ಇಲ್ಲದ ಜೀವಕೋಶಕ್ಕೆ ಆ ಸುದ್ದಿ ಮುಟ್ಟುವುದೇ ಇಲ್ಲ.

ಇವುಗಳಲ್ಲಿ ಹಲವು ಗುಂಪುಗಳಿವೆ. ವೈರಸ್ ವಿರುದ್ಧ ಮುಖ್ಯವಾಗಿ ಇಂಟರ್‌ಫೆರಾನ್. ಬಿಳಿ ರಕ್ತಕಣಗಳ ನಡುವೆ ಓಡಾಡುವ ಇಂಟರ್‌ಲ್ಯುಕಿನ್‌ಗಳು. ಇವುಗಳಿಗೆ 1, 2, 3 ಅಂತ ನಂಬರ್ ಕೊಡುತ್ತ ಹೋಗಿದ್ದಾರೆ, ಈಗ 35 ದಾಟಿದೆ. ಉರಿಯೂತ ಎಬ್ಬಿಸುವ ಟಿಎನ್‌ಎಫ್. ರಕ್ತಕಣಗಳಿಗೆ ದಾರಿ ತೋರಿಸುವ ಕೀಮೊಕೈನ್‌ಗಳು. ಮೂಳೆಯ ಮಜ್ಜೆಗೆ ಹೊಸ ರಕ್ತಕಣ ಮಾಡು ಎಂದು ಹೇಳುವ ಕೆಲವು.

ಪ್ರಮಾಣ ಎಷ್ಟು ಕಡಿಮೆ ಗೊತ್ತಾ? ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಇಂಟರ್‌ಲ್ಯುಕಿನ್-6 ಸಾಮಾನ್ಯವಾಗಿ 7 ಪಿಕೊಗ್ರಾಮಿಗಿಂತ ಕಡಿಮೆ. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗ ಪಿಕೊಗ್ರಾಮ್. ಇಷ್ಟರಲ್ಲೇ ಇಡೀ ಮೈಯ ನಡವಳಿಕೆ ಬದಲಾಗುತ್ತದೆ.

ಆಂಟಿಬಾಡಿ ಅಂತಾರಲ್ಲ, ಇದೂ ಅದೇನಾ?

ಅಲ್ಲ. ಆಂಟಿಬಾಡಿ ನೇರವಾಗಿ ಕ್ರಿಮಿಗೇ ಹೋಗಿ ಅಂಟಿಕೊಳ್ಳುತ್ತದೆ. ಸೈಟೊಕೈನ್ ಕ್ರಿಮಿಯನ್ನು ಮುಟ್ಟುವುದಿಲ್ಲ, ನಮ್ಮ ಜೀವಕೋಶಗಳಿಗೆ ಹೇಳಿ ಕೆಲಸ ಮಾಡಿಸುತ್ತದೆ. ಹೊಸ ಕ್ರಿಮಿಯ ವಿರುದ್ಧ ಆಂಟಿಬಾಡಿ ತಯಾರಾಗಲು ಒಂದು ವಾರವೋ ಅದಕ್ಕಿಂತ ಜಾಸ್ತಿಯೋ ಬೇಕು. ಸೈಟೊಕೈನ್ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಇನ್ನೊಂದು ವಿಷಯ: ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕೋಶಗಳು ಒಳ್ಳೆಯ ಆಂಟಿಬಾಡಿ ಮಾಡಬೇಕಾದರೆ ಸಹಾಯಕ ಟಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಿಡುವ ಇಂಟರ್‌ಲ್ಯುಕಿನ್‌ಗಳು ಸಿಗಲೇಬೇಕು.

ಕ್ರಿಮಿ ಬಂದಿದ್ದು ಜೀವಕೋಶಕ್ಕೆ ಗೊತ್ತಾಗೋದು ಹೇಗೆ?

ಕ್ರಿಮಿಗಳಲ್ಲಿ ಇದ್ದು ನಮ್ಮಲ್ಲಿ ಇಲ್ಲದ ವಸ್ತುಗಳಿವೆ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ಒಂದು ಬಗೆಯ ಕೊಬ್ಬು-ಸಕ್ಕರೆಯ ಕಣ, ವೈರಸ್‌ನ ಎರಡೆಳೆಯ ಆರ್‌ಎನ್‌ಎ, ಇಂಥವು. ಇವನ್ನು ಗುರುತಿಸಲೆಂದೇ ನಮ್ಮ ಜೀವಕೋಶಗಳಲ್ಲಿ ಪ್ರೋಟೀನುಗಳಿವೆ.

ಇದು ಗೊತ್ತಾಗಿದ್ದು ಹಣ್ಣಿನ ನೊಣದಿಂದ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ, ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಬೂಷ್ಟಿನ ಸೋಂಕು ತಡೆಯಲಾರದೆ ಸಾಯುತ್ತವೆ ಎಂದು ತೋರಿಸಿತು. 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಅದೇ ಬಗೆಯ ಪ್ರೋಟೀನ್ ಬ್ಯಾಕ್ಟೀರಿಯಾದ ಹೊರಪದರವನ್ನು ಗುರುತಿಸುತ್ತದೆ ಎಂದು ಕಂಡುಹಿಡಿದರು. ಇಬ್ಬರಿಗೂ 2011ರ ನೊಬೆಲ್ ಬಂತು. ಆ ವರ್ಷದ ಬಹುಮಾನದಲ್ಲಿ ಮೂರನೆಯವರು ರಾಲ್ಫ್ ಸ್ಟೈನ್‌ಮನ್. ಘೋಷಣೆಗೆ ಮೂರು ದಿನ ಮುಂಚೆ ಅವರು ತೀರಿಕೊಂಡಿದ್ದರು, ಸಮಿತಿಗೆ ಅದು ತಿಳಿದಿರಲಿಲ್ಲ. ಬಹುಮಾನವನ್ನು ಹಿಂದಕ್ಕೆ ಪಡೆಯಲಿಲ್ಲ.

ಮುಳ್ಳು ಚುಚ್ಚಿದ ಜಾಗ ಕೆಂಪಗಾಗಿ ಊದಿಕೊಳ್ಳೋದು ಯಾಕೆ?

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇಲಿ ಸರಿಮಾಡುವಾಗ ಬೆರಳಿಗೆ ಜಾಲಿ ಮುಳ್ಳು ಹೊಕ್ಕಿತು. ಅದರ ಜೊತೆ ಬ್ಯಾಕ್ಟೀರಿಯಾಗಳೂ ಒಳಗೆ ಹೋದವು. ಚರ್ಮದ ಕೆಳಗೆ ಮ್ಯಾಕ್ರೊಫೇಜ್ ಎಂಬ ಕೋಶಗಳು ಸದಾ ಇರುತ್ತವೆ. ಸಿಕ್ಕಿದ ಬ್ಯಾಕ್ಟೀರಿಯಾಗಳನ್ನು ಅವು ನುಂಗುತ್ತವೆ. ನುಂಗುತ್ತಲೇ ಟಿಎನ್‌ಎಫ್ ಮತ್ತು ಇಂಟರ್‌ಲ್ಯುಕಿನ್-1 ಬಿಡುತ್ತವೆ.

ಈ ಎರಡು ಪ್ರೋಟೀನುಗಳು ಹತ್ತಿರದ ಸಣ್ಣ ರಕ್ತನಾಳದ ಗೋಡೆಗೆ ಮುಟ್ಟುತ್ತವೆ. ನಾಳ ಹಿಗ್ಗುತ್ತದೆ, ರಕ್ತ ಜಾಸ್ತಿ ಹರಿಯುತ್ತದೆ. ಅದಕ್ಕೇ ಬೆರಳು ಕೆಂಪಗೆ, ಬಿಸಿಯಾಗಿ ಇರುವುದು. ಗೋಡೆಯ ಕೋಶಗಳ ನಡುವಿನ ಸಂದು ಸಡಿಲವಾಗಿ ನೀರಿನಂಶ ಹೊರಗೆ ಬರುತ್ತದೆ, ಅದು ಊತ. ನೋವಿನ ನರಗಳು ಸೂಕ್ಷ್ಮವಾಗುತ್ತವೆ, ಮುಟ್ಟಿದರೆ ಸಾಕು ಚುರ್ ಅನ್ನುತ್ತದೆ.

ಅದೇ ಹೊತ್ತಿಗೆ ನಾಳದ ಒಳಗೋಡೆಯ ಮೇಲೆ ಅಂಟಂಟಾದ ಅಣುಗಳು ಎದ್ದು ಬರುತ್ತವೆ. ರಕ್ತದ ಜೊತೆ ರಭಸವಾಗಿ ಹೋಗುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ತಡೆದು, ನಿಧಾನಕ್ಕೆ ಉರುಳುತ್ತ, ಕೊನೆಗೆ ನಿಂತುಬಿಡುತ್ತವೆ. ಆಮೇಲೆ ಮೈಯನ್ನು ಚಪ್ಪಟೆ ಮಾಡಿಕೊಂಡು ಸಂದಿನಲ್ಲಿ ನುಸುಳಿ ಹೊರಗೆ ಬರುತ್ತವೆ. ಯಾವ ಕಡೆ ಹೋಗಬೇಕು? ಇಂಟರ್‌ಲ್ಯುಕಿನ್-8 ಎಲ್ಲಿ ಜಾಸ್ತಿ ಇದೆಯೋ ಆ ಕಡೆ. ಅದು ಮುಳ್ಳಿನ ಸುತ್ತ ಹೆಚ್ಚು, ದೂರ ಹೋದಂತೆ ಕಡಿಮೆ. ಎರಡು ದಿನ ಬಿಟ್ಟು ಅಲ್ಲಿ ತುಂಬುವ ಕೀವಿನಲ್ಲಿ ಇರುವುದು ಬಹುಪಾಲು ಹೀಗೆ ಬಂದು ಸತ್ತ ನ್ಯೂಟ್ರೊಫಿಲ್‌ಗಳೇ.

ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್ ತಯಾರಿಸುತ್ತದೆ. ಸೋಂಕು ಬಂದರೆ ಜಿ-ಸಿಎಸ್‌ಎಫ್ ಎಂಬ ಸೈಟೊಕೈನ್ ಇನ್ನೂ ಜಾಸ್ತಿ ಮಾಡಿಸುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಬಿಳಿ ರಕ್ತಕಣದ ಕೌಂಟ್ ಏರಿದೆ ಅಂತ ಬರುವುದು ಇದರಿಂದ.

ವೈರಸ್ ಬಂದಾಗ ಇಂಟರ್‌ಫೆರಾನ್ ಏನು ಮಾಡುತ್ತೆ?

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡೆನ್‌ಮನ್ ಒಂದು ಪ್ರಯೋಗ ಮಾಡಿದರು. ಮರಿಯಾಗುತ್ತಿರುವ ಕೋಳಿಮೊಟ್ಟೆಯ ಒಳಪೊರೆಯನ್ನು ತೆಗೆದುಕೊಂಡು, ಬಿಸಿಮಾಡಿ ಸಾಯಿಸಿದ ಫ್ಲೂ ವೈರಸ್ ಜೊತೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಪೊರೆಯನ್ನು ತೊಳೆದು ಹೊಸ ದ್ರವದಲ್ಲಿ ಹಾಕಿದರು. ಆಮೇಲೆ ಆ ದ್ರವವನ್ನು ಮಾತ್ರ ತೆಗೆದು ಬೇರೆ ಪೊರೆಗೆ ಹಾಕಿದರು. ಆ ಎರಡನೇ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯಲಿಲ್ಲ. ಅಂದರೆ ಮೊದಲ ಪೊರೆಯ ಕೋಶಗಳು ದ್ರವಕ್ಕೆ ಏನನ್ನೋ ಬಿಟ್ಟಿದ್ದವು. ಅದೇ ಇಂಟರ್‌ಫೆರಾನ್. ಜಪಾನಿನ ನಾಗಾನೋ ಮತ್ತು ಕೋಜಿಮಾ 1954ರಲ್ಲೇ ಮೊಲಗಳಲ್ಲಿ ಇಂಥದ್ದೊಂದು ವಸ್ತುವನ್ನು ಕಂಡಿದ್ದರು. ಅವರ ಹೆಸರು ಜಾಸ್ತಿ ಕೇಳಿಬರುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಕಾಡಂಚಿನ ಊರಲ್ಲಿ ಆನೆ ಬಂತು ಎಂದು ಒಂದು ಮನೆಯವರು ಕೂಗಿದರೆ ಪಕ್ಕದ ಮನೆಯವರು ಬಾಗಿಲು ಭದ್ರ ಮಾಡಿಕೊಳ್ಳುತ್ತಾರಲ್ವಾ? ಇಂಟರ್‌ಫೆರಾನ್ ಮಾಡುವುದು ಅದನ್ನೇ. ವೈರಸ್ ಹೊಕ್ಕ ಕೋಶ ತಾನು ಉಳಿಯದೇ ಹೋಗಬಹುದು. ಆದರೆ ಸುತ್ತಲಿನವು ಮೊದಲೇ ಸಿದ್ಧವಾಗುತ್ತವೆ.

ಸಿದ್ಧವಾಗುವುದು ಅಂದ್ರೆ ಏನು? ಸಂದೇಶ ಮುಟ್ಟಿದ ಕೋಶದಲ್ಲಿ ನೂರಾರು ಜೀನ್‌ಗಳು ಒಟ್ಟಿಗೆ ಚಾಲೂ ಆಗುತ್ತವೆ. ಅವುಗಳಲ್ಲಿ ಪಿಕೆಆರ್ ಎಂಬ ಪ್ರೋಟೀನ್ ವೈರಸ್‌ನ ಎರಡೆಳೆಯ ಆರ್‌ಎನ್‌ಎ ಕಂಡ ಕೂಡಲೇ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ವೈರಸ್‌ಗೆ ಸ್ವಂತ ಕಾರ್ಖಾನೆ ಇಲ್ಲ, ಅದು ನಮ್ಮ ಕೋಶದ ವ್ಯವಸ್ಥೆಯನ್ನೇ ಬಳಸಬೇಕು. ಹಾಗಾಗಿ ಅದರ ಕೆಲಸವೂ ನಿಲ್ಲುತ್ತದೆ. ಆರ್‌ನೇಸ್-ಎಲ್ ಎಂಬ ಇನ್ನೊಂದು, ಆರ್‌ಎನ್‌ಎಯನ್ನು ತುಂಡು ತುಂಡು ಮಾಡುತ್ತದೆ, ವೈರಸ್‌ನದ್ದನ್ನೂ ಕೋಶದ್ದನ್ನೂ. ಎಂಎಕ್ಸ್ ಎಂಬ ಗುಂಪಿನ ಪ್ರೋಟೀನುಗಳು ಫ್ಲೂ ವೈರಸ್‌ನ ಒಳಭಾಗಗಳನ್ನು ಹಿಡಿದು ಮುಂದೆ ಹೋಗಲು ಬಿಡುವುದಿಲ್ಲ. ಕೋಶಕ್ಕೂ ಇದರಿಂದ ನಷ್ಟವಿದೆ. ಹಾಗಾಗಿಯೇ ಈ ಸ್ಥಿತಿ ಸದಾ ಇರುವುದಿಲ್ಲ, ಸುದ್ದಿ ಬಂದಾಗ ಮಾತ್ರ ಬರುತ್ತದೆ.

ಇಷ್ಟೆಲ್ಲ ಇದ್ದರೂ ವೈರಸ್ ಗೆಲ್ಲೋದು ಹೇಗೆ?

ವೈರಸ್‌ಗಳೂ ಸುಮ್ನೆ ಕೂತಿಲ್ಲ. ಡೆಂಗಿ ವೈರಸ್‌ನಲ್ಲಿ ಎನ್‌ಎಸ್5 ಎಂಬ ಪ್ರೋಟೀನ್ ಇದೆ. ಇಂಟರ್‌ಫೆರಾನಿನ ಸಂದೇಶವನ್ನು ನ್ಯೂಕ್ಲಿಯಸ್ಸಿಗೆ ಒಯ್ಯುವ ಸ್ಟ್ಯಾಟ್2 ಎಂಬ ಪ್ರೋಟೀನನ್ನು ಅದು ಹಿಡಿದು ನಾಶ ಮಾಡಿಸುತ್ತದೆ. ಸಂದೇಶ ಬಾಗಿಲವರೆಗೆ ಬರುತ್ತದೆ, ಒಳಗೆ ತಲುಪುವುದಿಲ್ಲ. ಇಲಿಯ ಸ್ಟ್ಯಾಟ್2 ಮೇಲೆ ಈ ಆಟ ನಡೆಯುವುದಿಲ್ಲ. ಮಾಮೂಲಿ ಇಲಿಗೆ ಡೆಂಗಿ ಬರಿಸುವುದು ಕಷ್ಟ ಆಗಿರುವುದಕ್ಕೆ ಇದೂ ಒಂದು ಕಾರಣ. ಸಂಶೋಧಕರು ಇಂಟರ್‌ಫೆರಾನ್ ರಿಸೆಪ್ಟರ್ ಇಲ್ಲದ ಇಲಿಗಳನ್ನು ಬಳಸಬೇಕಾಯಿತು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಕೂಡ ಡೆಂಗಿಯ ಕುಟುಂಬದ್ದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ ಇಂಟರ್‌ಫೆರಾನ್ ಸಿಕ್ಕ ವರ್ಷದಲ್ಲೇ.

ಕೆಲವರಲ್ಲಿ ತೊಂದರೆ ವೈರಸ್‌ನಿಂದಲ್ಲ, ತಮ್ಮ ಮೈಯಿಂದಲೇ. 2020ರಲ್ಲಿ ಜೀನ್-ಲಾರೆಂಟ್ ಕಸನೋವಾ ಅವರ ತಂಡ ಕೋವಿಡ್‌ನಿಂದ ತೀವ್ರವಾಗಿ ನರಳುತ್ತಿದ್ದವರ ರಕ್ತ ಪರೀಕ್ಷಿಸಿತು. ನೂರರಲ್ಲಿ ಸುಮಾರು 10 ಮಂದಿಯಲ್ಲಿ ತಮ್ಮದೇ ಇಂಟರ್‌ಫೆರಾನ್ ವಿರುದ್ಧ ಆಂಟಿಬಾಡಿಗಳಿದ್ದವು. ಅವರಲ್ಲಿ ಬಹುತೇಕರು ಗಂಡಸರು. ಗಟ್ಟಿಮುಟ್ಟಾಗಿದ್ದವರೂ ಯಾಕೆ ಅಷ್ಟು ಬೇಗ ಕುಸಿದರು ಎನ್ನುವ ಪ್ರಶ್ನೆಗೆ ಸಿಕ್ಕ ಒಂದು ನಿಜವಾದ ಉತ್ತರ ಇದು.

ಜ್ವರ ಬರೋದೂ ಇವುಗಳಿಂದಲೇನಾ? ಹಾಗಾದ್ರೆ ಜ್ವರ ಇಳಿಸಬಾರದಾ?

ಹೌದು, ಇವುಗಳಿಂದಲೇ. ಇಂಟರ್‌ಲ್ಯುಕಿನ್-1, ಇಂಟರ್‌ಲ್ಯುಕಿನ್-6, ಟಿಎನ್‌ಎಫ್ ಮೂರೂ ರಕ್ತದಲ್ಲಿ ಮಿದುಳಿನವರೆಗೆ ಸುದ್ದಿ ಒಯ್ಯುತ್ತವೆ. ಅಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಇ2 ಎಂಬ ವಸ್ತು ತಯಾರಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಮೈಯ ಬಿಸಿಯ ಮಟ್ಟವನ್ನು ಮೇಲಕ್ಕೆ ಇಡುತ್ತದೆ. ಇನ್ನೂ 98 ಡಿಗ್ರಿಯಲ್ಲಿರುವ ಮೈ 102ಕ್ಕೆ ಏರಬೇಕು. ಆ ಹೊತ್ತಿನಲ್ಲೇ ಚಳಿ, ನಡುಕ, ಎರಡೆರಡು ಕಂಬಳಿ ಹೊದ್ದರೂ ಸಾಲದು. ಊಟ ಸೇರದಿರುವುದು, ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುವುದು, ನಿದ್ದೆ ಎಳೆಯುವುದು ಕೂಡ ಇದೇ ಪ್ರೋಟೀನುಗಳ ಕೆಲಸ. ಮನೆಯಲ್ಲಿ ಸೋಮಾರಿತನ ಅನ್ನಬೇಡಿ.

ಜ್ವರದಿಂದ ಉಪಯೋಗ ಇದೆಯೇ ಎಂದು ನೋಡಲು 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮರುಭೂಮಿಯ ಇಗ್ವಾನಾಗಳನ್ನು ಬಳಸಿದರು. ಅವಕ್ಕೆ ಮೈ ತಾನಾಗಿ ಬಿಸಿಯಾಗುವುದಿಲ್ಲ, ಬಿಸಿ ಜಾಗಕ್ಕೆ ಹೋಗಬೇಕು. ಬ್ಯಾಕ್ಟೀರಿಯಾ ಚುಚ್ಚಿದ ಮೇಲೆ ಬಿಸಿಯಲ್ಲಿ ಇಟ್ಟವು ಹೆಚ್ಚು ಬದುಕಿದವು, ತಂಪಿನಲ್ಲಿ ಇಟ್ಟವು ಹೆಚ್ಚು ಸತ್ತವು.

ಹಾಗಂತ ಮನುಷ್ಯರು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಾರದು ಅಂತಲ್ಲ. ಅದು ಪ್ರೊಸ್ಟಗ್ಲ್ಯಾಂಡಿನ್ ತಯಾರಿಕೆಯನ್ನು ತಡೆಯುತ್ತದೆ, ಅಷ್ಟೇ. ಸೈಟೊಕೈನ್‌ಗಳ ಉಳಿದ ಕೆಲಸ ನಡೆಯುತ್ತಲೇ ಇರುತ್ತದೆ. ಮೈಕೈ ನೋವು ಕಡಿಮೆಯಾಗಿ ಒಂದು ಲೋಟ ಗಂಜಿ ಕುಡಿಯುವಂತಾದರೆ ಅದೂ ಒಳ್ಳೆಯದೇ. ಹೇಳಿದ ಪ್ರಮಾಣ ಮೀರಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಮಾತ್ರ ಮನೆಮದ್ದು, ಮಾತ್ರೆ ಅಂತ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು ಸಂಗತಿ. ಇಂಟರ್‌ಲ್ಯುಕಿನ್-6 ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡಿಸುತ್ತದೆ. ಅದು ಕಬ್ಬಿಣದಂಶವನ್ನು ರಕ್ತದಿಂದ ಮರೆಮಾಡಿ ಕೋಶಗಳೊಳಗೆ ಇಡುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು, ಸಿಗದಿದ್ದರೆ ಸೊರಗುತ್ತದೆ. ಟಿಬಿಯಂಥ ಸೋಂಕು ತಿಂಗಳುಗಟ್ಟಲೆ ಇದ್ದಾಗ ನಮ್ಮ ಹಿಮೋಗ್ಲೋಬಿನ್ ಇಳಿಯಲು ಇದೂ ಕಾರಣ.

ಸಿಆರ್‌ಪಿ ಜಾಸ್ತಿ ಬಂದಿದೆ. ಭಯಪಡಬೇಕಾ?

ಸಿಆರ್‌ಪಿ ಯಕೃತ್ತು ತಯಾರಿಸುವ ಪ್ರೋಟೀನ್. ತಯಾರಿಸು ಎಂದು ಹೇಳುವುದು ಮುಖ್ಯವಾಗಿ ಇಂಟರ್‌ಲ್ಯುಕಿನ್-6. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲಿ, ಯಾವ ಕ್ರಿಮಿಯಿಂದ ಎಂದು ಹೇಳುವುದಿಲ್ಲ. ಹಲ್ಲಿನ ಹುಣ್ಣಿನಿಂದಲೂ ಏರಬಹುದು, ನ್ಯುಮೋನಿಯಾದಿಂದಲೂ ಏರಬಹುದು. ಒಂದು ಸಲದ ಸಂಖ್ಯೆಗಿಂತ ಎರಡು ದಿನ ಬಿಟ್ಟು ಏರಿದೆಯೋ ಇಳಿದಿದೆಯೋ ಅನ್ನುವುದು ವೈದ್ಯರಿಗೆ ಹೆಚ್ಚು ಉಪಯೋಗ. ರಿಪೋರ್ಟ್ ನೋಡಿ ನೀವೇ ಆಂಟಿಬಯೋಟಿಕ್ ಶುರು ಮಾಡಬೇಡಿ.

ಸೈಟೊಕೈನ್ ಸ್ಟಾರ್ಮ್ ಅಂದ್ರೆ ಏನು?

ಬೆರಳಿನ ಗಾಯದಲ್ಲಿ ಆಗುವ ಕೆಲಸವೇ ಇಡೀ ಮೈಯಲ್ಲಿ ಒಂದೇ ಸಲ ಆದರೆ ಹೇಗಿರುತ್ತದೆ ಯೋಚಿಸಿ. ಎಲ್ಲ ಕಡೆ ರಕ್ತನಾಳ ಹಿಗ್ಗಿದರೆ ಬಿಪಿ ಕುಸಿಯುತ್ತದೆ. ಎಲ್ಲ ಕಡೆ ಸಂದು ಸಡಿಲವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಲ್ಲಿ ಉಪಕಾರ ಮಾಡಿದ್ದೇ ಇಲ್ಲಿ ಪ್ರಾಣಕ್ಕೆ ಬರುತ್ತದೆ.

2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಹೊಸ ಔಷಧಿಯನ್ನು ಆರು ಆರೋಗ್ಯವಂತ ಯುವಕರಿಗೆ ಪರೀಕ್ಷೆಗಾಗಿ ಕೊಟ್ಟರು. ಅದು ಟಿ ಕೋಶಗಳನ್ನು ನೇರವಾಗಿ ಎಬ್ಬಿಸುವ ಔಷಧಿ. ಒಂದೂವರೆ ಗಂಟೆಯೊಳಗೆ ಆರೂ ಜನಕ್ಕೆ ತಲೆನೋವು, ವಾಂತಿ, ಜ್ವರ. ಆಮೇಲೆ ಒಂದೊಂದೇ ಅಂಗ ಸೋತಿತು, ಐಸಿಯುಗೆ ಸೇರಿಸಬೇಕಾಯಿತು. ಆರೂ ಜನ ಬದುಕಿದರು. ಆದರೆ ಅವರ ಮೈಯಲ್ಲಿ ಕ್ರಿಮಿಯೇ ಇರಲಿಲ್ಲ ಅನ್ನುವುದನ್ನು ನೆನಪಿಡಿ. ಸೈಟೊಕೈನ್‌ಗಳೊಂದೇ ಅಷ್ಟೆಲ್ಲ ಮಾಡಿದವು.

ಮುಂದೆ ಇದಕ್ಕೆ ಮದ್ದೂ ಸಿಕ್ಕಿತು. ಜಪಾನಿನ ತದಮಿತ್ಸು ಕಿಶಿಮೊಟೊ ಮತ್ತು ತೋಶಿಯೊ ಹಿರಾನೊ 1986ರಲ್ಲಿ ಇಂಟರ್‌ಲ್ಯುಕಿನ್-6ರ ಜೀನ್ ಪತ್ತೆ ಮಾಡಿದ್ದರು. ಅದರ ರಿಸೆಪ್ಟರನ್ನು ಮುಚ್ಚುವ ಟೋಸಿಲಿಝುಮ್ಯಾಬ್ ಸಂಧಿವಾತಕ್ಕೆ ಬಳಕೆಗೆ ಬಂತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ತದ ಕ್ಯಾನ್ಸರಿಗೆ ಹೊಸ ಬಗೆಯ ಟಿ ಕೋಶದ ಚಿಕಿತ್ಸೆ ಪಡೆದ ಪುಟ್ಟ ಹುಡುಗಿಗೆ ಸೈಟೊಕೈನ್ ಉಕ್ಕಿ ಜೀವ ಹೋಗುವಂತಾಗಿತ್ತು. ರಕ್ತದಲ್ಲಿ ಇಂಟರ್‌ಲ್ಯುಕಿನ್-6 ವಿಪರೀತ ಇದ್ದದ್ದು ಕಂಡು ವೈದ್ಯರು ಈ ಸಂಧಿವಾತದ ಔಷಧಿ ಕೊಟ್ಟರು. ಮಗು ಚೇತರಿಸಿಕೊಂಡಳು.

ಕೋವಿಡ್‌ನಲ್ಲಿ ಸ್ಟೀರಾಯ್ಡ್ ಜೀವ ಉಳಿಸಿತು ಅಂತಾರೆ. ಹಾಗಾದ್ರೆ ಜ್ವರ ಬಂದ ಕೂಡಲೇ ತಗೊಂಡರೆ ಒಳ್ಳೆಯದಲ್ವಾ?

ದಯವಿಟ್ಟು ಬೇಡ. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗ 2020ರ ಜೂನಿನಲ್ಲಿ ಸ್ಪಷ್ಟವಾಗಿ ತೋರಿಸಿದ್ದು ಇದು: ವೆಂಟಿಲೇಟರ್ ಮೇಲಿದ್ದವರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು, ಆಕ್ಸಿಜನ್ ಬೇಕಾದವರಲ್ಲಿ ಐದನೇ ಒಂದರಷ್ಟು. ಆಕ್ಸಿಜನ್ ಬೇಡದವರಿಗೆ ಏನೂ ಉಪಯೋಗವಾಗಲಿಲ್ಲ. ಸ್ಟೀರಾಯ್ಡ್ ಸೈಟೊಕೈನ್‌ಗಳ ತಯಾರಿಕೆಯನ್ನೇ ತಗ್ಗಿಸುತ್ತದೆ. ಮೊದಲ ವಾರ ವೈರಸ್ ಬೆಳೆಯುವ ಹೊತ್ತು, ಆಗ ಮೈಗೆ ಆ ಸಂದೇಶಗಳು ಬೇಕು. ಎರಡನೇ ವಾರ ಉರಿಯೂತ ಮಿತಿಮೀರಿದಾಗ ತಗ್ಗಿಸಬೇಕು. ಔಷಧಿ ಅದೇ, ಹೊತ್ತು ಬೇರೆ.

2021ರಲ್ಲಿ ಕಪ್ಪು ಶಿಲೀಂಧ್ರ ಅಂತ ಕರೆದ ಮ್ಯೂಕರ್‌ಮೈಕೋಸಿಸ್ ಕರ್ನಾಟಕದಲ್ಲೂ ಎಷ್ಟು ಜನರ ಕಣ್ಣು ಕಿತ್ತುಕೊಂಡಿತು, ನೆನಪಿದೆ ಅಲ್ವಾ? ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯ ಜೊತೆ ಬೇಕಾಬಿಟ್ಟಿ ಸ್ಟೀರಾಯ್ಡ್ ಅದಕ್ಕೆ ದೊಡ್ಡ ಕಾರಣ. ಈಗಲೂ ಕೆಲವು ಕಡೆ ಜ್ವರಕ್ಕೆ ಒಂದು ಇಂಜೆಕ್ಷನ್ ಚುಚ್ಚಿ ಸಂಜೆಯೊಳಗೆ ಹುಷಾರು ಮಾಡುತ್ತಾರೆ. ಅದರಲ್ಲಿ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ. ಆದರೆ ಬೇರೆ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ಇದನ್ನು ಓದಿ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ಅಪಾಯ ಅಂತಾರೆ. ಅದು ಹೇಗೆ?

ಇದನ್ನು ಪ್ರತಿ ಮಳೆಗಾಲದಲ್ಲೂ ಹೇಳಬೇಕು. ಡೆಂಗಿಯಲ್ಲಿ ಮೊದಲ ಮೂರ್ನಾಲ್ಕು ದಿನ ಜ್ವರ ಸುಡುತ್ತದೆ. ಆಮೇಲೆ ಇಳಿಯುತ್ತದೆ. ಮನೆಯವರು ಉಸ್ಸಪ್ಪಾ ಅನ್ನುತ್ತಾರೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಿರುತ್ತದೆ ನಿಜ. ಆದರೆ ಎದ್ದು ನಿಂತ ಸೈಟೊಕೈನ್‌ಗಳು, ವೈರಸ್‌ನ ಎನ್‌ಎಸ್1 ಪ್ರೋಟೀನ್ ಸೇರಿ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತವೆ. ರಕ್ತದ ನೀರಿನಂಶ ಹೊಟ್ಟೆ, ಎದೆಯ ಕಡೆಗೆ ಸೋರುತ್ತದೆ. ಒಂದೆರಡು ದಿನ ಈ ಸೋರಿಕೆ ನಡೆಯುತ್ತದೆ. ಬಹಳ ಜನರಿಗೆ ಸ್ವಲ್ಪವೇ ಆಗಿ ಸರಿಹೋಗುತ್ತದೆ. ಕೆಲವರಿಗೆ ಬಿಪಿ ಕುಸಿದು ಶಾಕ್ ಆಗುತ್ತದೆ.

ನಮ್ಮಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಪಪ್ಪಾಯಿ ಎಲೆ ಹುಡುಕಿಕೊಂಡು ಓಡುತ್ತಾರೆ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೊಕ್ರಿಟ್ ಎಂಬ ಸಾಲು ಇರುತ್ತದೆ, ಅದನ್ನೂ ನೋಡಿ. ನೀರಿನಂಶ ಸೋರಿದರೆ ರಕ್ತ ಗಟ್ಟಿಯಾಗಿ ಆ ಸಂಖ್ಯೆ ಏರುತ್ತದೆ. ಪ್ಲೇಟ್‌ಲೆಟ್ ಬೇಗ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ಎಚ್ಚರದ ಹೊತ್ತು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಜ್ವರ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಇಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಮ್ಮೆ ಒಂದು ಬಗೆ ಬಂದು ಹೋಗಿ, ಮತ್ತೊಮ್ಮೆ ಬೇರೆ ಬಗೆ ಬಂದರೆ ತೀವ್ರವಾಗುವ ಸಾಧ್ಯತೆ ಹೆಚ್ಚು. ಹಳೆಯ ಆಂಟಿಬಾಡಿ ಹೊಸ ಬಗೆಯನ್ನು ಕೊಲ್ಲದೆ, ಹಿಡಿದುಕೊಂಡು ಹೋಗಿ ಬಿಳಿ ರಕ್ತಕಣದೊಳಗೆ ಬಿಡುತ್ತದೆ. ಸೋಂಕಾದ ಕೋಶ ಹೆಚ್ಚಿದಷ್ಟೂ ಸೈಟೊಕೈನ್ ಹೆಚ್ಚುತ್ತದೆ.

ಸಂಧಿವಾತದ ಇಂಜೆಕ್ಷನ್‌ಗೆ ಮುಂಚೆ ಟಿಬಿ ಟೆಸ್ಟ್ ಯಾಕೆ ಮಾಡಿಸ್ತಾರೆ?

ರುಮಟಾಯ್ಡ್ ಸಂಧಿವಾತದಲ್ಲಿ ಕ್ರಿಮಿ ಇಲ್ಲದೆಯೇ ಕೀಲುಗಳಲ್ಲಿ ಟಿಎನ್‌ಎಫ್ ತುಂಬಿರುತ್ತದೆ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ರವೀಂದರ್ ಮೈನಿ, ಟಿಎನ್‌ಎಫ್ ತಡೆದರೆ ಕೀಲು ಸುಧಾರಿಸುತ್ತದೆ ಎಂದು 1990ರ ದಶಕದಲ್ಲಿ ತೋರಿಸಿದರು. ಬೆರಳು ಮಡಚಲಾಗದವರು ಮತ್ತೆ ಮುದ್ದೆ ಮುರಿದು ತಿನ್ನುವಂತಾದರು.

ಆದರೆ ಟಿಎನ್‌ಎಫ್‌ಗೆ ಇನ್ನೊಂದು ಕೆಲಸವಿದೆ. ಎಷ್ಟೋ ಜನರ ಮೈಯಲ್ಲಿ ಟಿಬಿ ಕ್ರಿಮಿ ಏನೂ ತೊಂದರೆ ಕೊಡದೆ ಅಡಗಿರುತ್ತದೆ. ಮ್ಯಾಕ್ರೊಫೇಜ್ ಮತ್ತು ಟಿ ಕೋಶಗಳು ಅದರ ಸುತ್ತ ಒತ್ತಾಗಿ ನಿಂತು ಗ್ರ್ಯಾನುಲೋಮಾ ಎಂಬ ಗಂಟು ಕಟ್ಟಿರುತ್ತವೆ. ಆ ಗಂಟು ಬಿಚ್ಚದಂತೆ ಇಡಲು ಟಿಎನ್‌ಎಫ್ ಬೇಕು. 2001ರಲ್ಲಿ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಪಡೆದವರಲ್ಲಿ ಟಿಬಿ ಏಳುತ್ತಿದೆ ಎಂದು ವರದಿಯಾಯಿತು. ಟಿಬಿ ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಈ ಪರೀಕ್ಷೆ ಬಿಡಲೇಬಾರದು. ಒಂದು ಬಗೆಯ ಪರೀಕ್ಷೆಯಲ್ಲಿ ಅಳೆಯುವುದೂ ಸೈಟೊಕೈನನ್ನೇ: ರಕ್ತಕ್ಕೆ ಟಿಬಿ ಕ್ರಿಮಿಯ ಪ್ರೋಟೀನ್ ಬೆರೆಸಿ, ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಬಿಡುತ್ತವೆಯೇ ಎಂದು ನೋಡುತ್ತಾರೆ. ಬಿಟ್ಟರೆ ಅವಕ್ಕೆ ಆ ಕ್ರಿಮಿಯ ಪರಿಚಯ ಇದೆ ಎಂದರ್ಥ.

ಸೋಂಕು ವಾಸಿಯಾದ ಮೇಲೆ ಇದೆಲ್ಲ ತಾನಾಗೇ ನಿಲ್ಲುತ್ತಾ?

ತಾನಾಗೇ ಅಲ್ಲ, ನಿಲ್ಲಿಸಲು ಬೇರೆ ಸೈಟೊಕೈನ್‌ಗಳಿವೆ. ಇಂಟರ್‌ಲ್ಯುಕಿನ್-10 ಮುಖ್ಯವಾದದ್ದು. ಅದಿಲ್ಲದ ಇಲಿಗಳಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ಬರಿಸಿ ನೋಡಿದ್ದಾರೆ. ಅವು ಪರಾವಲಂಬಿಯನ್ನು ಚೆನ್ನಾಗಿಯೇ ಹತೋಟಿಗೆ ತಂದವು. ಆದರೂ ಸತ್ತವು, ತಮ್ಮದೇ ಸೈಟೊಕೈನ್‌ಗಳಿಂದ. ಹೀಗೆ ತಡೆಯುವ ಕೆಲಸದಲ್ಲಿರುವ ರೆಗ್ಯುಲೇಟರಿ ಟಿ ಕೋಶಗಳ ಸಂಶೋಧನೆಗೆ ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ 2025ರ ನೊಬೆಲ್ ಬಂತು.

ಇಮ್ಯೂನಿಟಿ ಬೂಸ್ಟರ್ ಕುಡಿದರೆ ಸೈಟೊಕೈನ್ ಸರಿಯಾಗುತ್ತಾ?

ಮೇಲಿನ ಇಲಿಗಳ ಕಥೆ ಓದಿದ ಮೇಲೆ ಹೇಳಿ, ಯಾವುದನ್ನು ಬೂಸ್ಟ್ ಮಾಡಬೇಕು? ಟಿಎನ್‌ಎಫ್ ಏರಿಸಬೇಕಾ, ಇಂಟರ್‌ಲ್ಯುಕಿನ್-10 ಏರಿಸಬೇಕಾ? ಎಷ್ಟು, ಯಾವಾಗ? ಡಬ್ಬಿಯ ಮೇಲೆ ಇದಕ್ಕೆ ಉತ್ತರ ಇರುವುದಿಲ್ಲ. ಗಂಟಲು ಕೆಟ್ಟಾಗ ಮೆಣಸು, ಶುಂಠಿ ಕಷಾಯ ಹಿತವಾಗಿರುತ್ತದೆ, ಕುಡಿಯಿರಿ. ಆದರೆ ಅದು ಲಸಿಕೆಯ ಬದಲಿಯಲ್ಲ. ಹೊಟ್ಟೆ ತುಂಬ ಊಟ, ಅದರಲ್ಲಿ ಬೇಳೆ, ಕಾಳು, ಮೊಟ್ಟೆಯಂಥದ್ದು, ಸಾಕಷ್ಟು ನಿದ್ದೆ, ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ಬಿಟ್ಟ ಬೀಡಿ ಸಿಗರೇಟು. ಇವುಗಳಿಂದ ಸೋಂಕಿನ ತೊಂದರೆ ನಿಜವಾಗಿಯೂ ಕಡಿಮೆಯಾಗುತ್ತದೆ.

ಮಗುವಿಗೆ ಲಸಿಕೆ ಹಾಕಿಸಿದರೆ ಜ್ವರ ಬರುತ್ತೆ. ಬರದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಅಂತಾನಾ?

ಹಾಗೇನಿಲ್ಲ. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಲಸಿಕೆಯ ರಾತ್ರಿ ಮಗು ಅಳುವುದು, ತೊಡೆ ಊದುವುದು ಆ ಜಾಗದ ಸೈಟೊಕೈನ್‌ಗಳಿಂದ. ಕೆಲವು ಮಕ್ಕಳಿಗೆ ಅವು ಅಲ್ಲಿಯೇ ಉಳಿಯುತ್ತವೆ, ರಕ್ತಕ್ಕೆ ಜಾಸ್ತಿ ಬರುವುದಿಲ್ಲ, ಜ್ವರ ಇಲ್ಲ. ರಕ್ಷಣೆ ಇಬ್ಬರಿಗೂ ಸಿಗುತ್ತದೆ.

ಇಂಟರ್‌ಫೆರಾನನ್ನೇ ಔಷಧಿಯಾಗಿ ಕೊಡಬಹುದಲ್ವಾ?

ಕೊಟ್ಟಿದ್ದಾರೆ. 1970ರ ದಶಕದಲ್ಲಿ ಫಿನ್‌ಲೆಂಡಿನ ಕಾರಿ ಕಾಂಟೆಲ್, ದಾನಿಗಳ ರಕ್ತದ ಬಿಳಿ ರಕ್ತಕಣಗಳಿಂದ ಇಂಟರ್‌ಫೆರಾನ್ ತೆಗೆದು ಜಗತ್ತಿಗೆಲ್ಲ ಕಳಿಸುತ್ತಿದ್ದರು. ಆಮೇಲೆ ಬ್ಯಾಕ್ಟೀರಿಯಾಗಳಲ್ಲಿ ಜೀನ್ ಇಟ್ಟು ತಯಾರಿಸುವುದು ಬಂತು. ಹೆಪಟೈಟಿಸ್ ಸಿಗೆ ಎರಡು ದಶಕ ಅದೇ ಮುಖ್ಯ ಚಿಕಿತ್ಸೆ. ಪ್ರತಿ ಇಂಜೆಕ್ಷನ್ ಆದ ಮೇಲೂ ಫ್ಲೂ ಬಂದ ಹಾಗೆ ಚಳಿಜ್ವರ, ಮೈಕೈ ನೋವು. ಕೆಲವರಿಗೆ ಖಿನ್ನತೆ. ಫ್ಲೂ ಬಂದಾಗ ನಮಗಾಗುವ ಸಂಕಟದಲ್ಲಿ ಎಷ್ಟು ಪಾಲು ಇಂಟರ್‌ಫೆರಾನಿನದ್ದು ಎಂದು ಇದರಿಂದ ತಿಳಿಯುತ್ತದೆ. 2013ರ ನಂತರ ಮಾತ್ರೆಗಳೇ ಬಂದವು. ಕೋವಿಡ್‌ನಲ್ಲಿ ಆಸ್ಪತ್ರೆ ಸೇರಿದವರಿಗೆ ಇಂಟರ್‌ಫೆರಾನ್ ಬೀಟಾ ಕೊಟ್ಟು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿತು, ಸಾವು ಕಡಿಮೆಯಾಗಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಅದರ ಕಾಲ ಮೀರಿರುತ್ತದೆ ಎಂಬುದು ಹಲವರ ಅಭಿಪ್ರಾಯ, ನನಗೂ ಅದೇ ಸರಿ ಅನ್ನಿಸುತ್ತದೆ.

ಕೀಮೋ ಆದ ಮೇಲೆ ಕೌಂಟ್ ಏರಿಸೋಕೆ ಕೊಡುವ ಇಂಜೆಕ್ಷನ್ ಯಾವುದು?

ಜಿ-ಸಿಎಸ್‌ಎಫ್, ಮೇಲೆ ಹೇಳಿದ ಅದೇ ಸೈಟೊಕೈನ್. ಫಿಲ್‌ಗ್ರಾಸ್ಟಿಮ್, ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಹೆಸರಿನಲ್ಲಿ ಬರುತ್ತದೆ. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಎಂಬ ಔಷಧಿ ಕಂಪನಿ ಸೇರಿ ತಂದ ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ 2018ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಇಂಜೆಕ್ಷನ್ ಆದ ಮೇಲೆ ಸೊಂಟ, ತೊಡೆಯ ಮೂಳೆ ನೋಯಬಹುದು. ಮಜ್ಜೆ ಜೋರಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ, ನೋವಿಗೆ ಯಾವ ಮಾತ್ರೆ ಎಂದು ವೈದ್ಯರನ್ನೇ ಕೇಳಿ. ಕೌಂಟ್ ಕಡಿಮೆ ಇರುವ ದಿನಗಳಲ್ಲಿ ಕೀವು, ಊತ ಕಾಣುವುದೇ ಇಲ್ಲ, ಅದನ್ನು ಮಾಡುವ ನ್ಯೂಟ್ರೊಫಿಲ್ ಇರುವುದಿಲ್ಲವಲ್ಲ. ಜ್ವರವೊಂದೇ ಸುಳಿವು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ನಡುರಾತ್ರಿಯಾದರೂ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಕೀಮೋ ಫೈಲ್ ಜೊತೆಗಿರಲಿ.